ಗಿರವಿ ಹಿಡಿದವನು ಒಡೆಯನಲ್ಲ

ಸಹೋದರ ಕಾರ್ಮಿಕರೇ, ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಮಡದಿಯ ಬಳೆಗಳನ್ನು ಗಿರವಿಯಿಡದವರು ನಮ್ಮಲ್ಲಿ ವಿರಳ. 1872ರ ಭಾರತೀಯ ಕರಾರು ಕಾಯಿದೆಯ 172ನೆಯ ಕಲಮು, ಸಾಲದ ಭದ್ರತೆಗಾಗಿ ಒಡವೆ ಇಟ್ಟವನನ್ನು 'ಪಾನರ್' ಎಂದೂ ಹಿಡಿದುಕೊಂಡವನನ್ನು 'ಪಾನೀ' ಎಂದೂ ಕರೆಯುತ್ತದೆ. ಪಾನೀ ಎಂದರೆ ಗಿರವಿದಾರ. ಅವನು ಒಡವೆಯ ಒಡೆಯನಲ್ಲ, ಕಾವಲುಗಾರ. 'ವಾಯಿದೆ ಮುಗಿಯಿತು, ಒಡವೆ ನನ್ನದಾಯಿತು' ಎಂಬ ಮಾತಿಗೆ ಈ ಕಾಯಿದೆಯ ಬಲವಿಲ್ಲ. ಸಾಲ ತೀರದಿದ್ದರೆ ಆತ ದಾವೆ ಹೂಡಬಹುದು, ಇಲ್ಲವೆ ತಕ್ಕ ಮುನ್ಸೂಚನೆ ಕೊಟ್ಟು ಮಾರಬಹುದು. ಬಾಕಿ ಕಳೆದು ಉಳಿದ ಹಣ ಇಟ್ಟವನಿಗೇ ಸೇರತಕ್ಕದ್ದು. ಮಾರಾಟವಾಗುವ ತನಕ ಬಾಕಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕನ್ನು 177ನೆಯ ಕಲಮು ಕೊಟ್ಟಿದೆ.

ಆದುದರಿಂದ ರಸೀದಿಯಿಲ್ಲದೆ ಒಡವೆ ಕೊಡಬೇಡಿರಿ. ತೂಕವನ್ನೂ ಬಡ್ಡಿಯನ್ನೂ ಬರೆಸಿಕೊಳ್ಳಿರಿ. ಓದು ಬಾರದ ನೆರೆಯವರಿಗೂ ಇದನ್ನು ಓದಿ ಹೇಳಿರಿ.