ಟಿಲ್ಲರಿನ ಸ್ಟಿಯರಿಂಗ್ ಕೇಬಲ್ಲನ್ನು ಉಪೇಕ್ಷಿಸಲಾಗದು

ಪಂಚನಹಳ್ಳಿ ಹೋಬಳಿಯ ತೆಂಗಿನ ತೋಟಗಳಲ್ಲಿಯೂ ರಾಗಿಯ ಹೊಲಗಳಲ್ಲಿಯೂ ಎತ್ತಿನ ಜತೆಗೆ ಪವರ್ ಟಿಲ್ಲರೂ ದುಡಿಯುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಇಂಜಿನ್ನಿಗೆ ಎಣ್ಣೆ ಹಾಕುವಲ್ಲಿ ತೋರುವ ಶ್ರದ್ಧೆಯನ್ನು ರೈತಬಾಂಧವರು ಸ್ಟಿಯರಿಂಗ್ ಕೇಬಲ್ಲುಗಳ ವಿಷಯದಲ್ಲಿ ತೋರುವುದು ವಿರಳ. ಕೇಬಲ್ಲು ಕಡಿದ ಮೇಲೆ ಹೊಸದನ್ನು ಹಾಕಿದರಾಯಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಕಡಿಯುವುದು ಕೊಟ್ಟಿಗೆಯಲ್ಲಲ್ಲ, ತುಂಬಿದ ಟ್ರೈಲರನ್ನು ಎಳೆದುಕೊಂಡು ಕೆರೆಯ ಏರಿಯ ಮೇಲೆ ತಿರುಗುವಾಗ ಎಂಬುದನ್ನು ಮರೆಯಬಾರದು.

ಎಡಗೈಯ ಹಿಡಿಯನ್ನು ಅದುಮಿದೊಡನೆ ಕೇಬಲ್ಲು ಎಡಚಕ್ರದ ಕ್ಲಚ್ಚನ್ನು ಬಿಡಿಸುವುದು. ಬಲಚಕ್ರ ಮಾತ್ರ ದೂಡುವುದರಿಂದ ಯಂತ್ರವು ಎಡಕ್ಕೆ ತಿರುಗುವುದು. ಕೇಬಲ್ಲು ಸಡಿಲವಾಗಿದ್ದರೆ ಕ್ಲಚ್ಚು ಪೂರ್ತಿ ಬಿಡದು. ತೀರ ಬಿಗಿಯಾಗಿದ್ದರೆ ಪೂರ್ತಿ ಕೂಡದೆ ಅದರ ಹಲ್ಲುಗಳು ಸವೆಯುವುವು. ಆದುದರಿಂದ ಕೈಪಿಡಿಯಲ್ಲಿ ಹೇಳಿರುವಷ್ಟು ಸಡಿಲವನ್ನು ಮಾತ್ರ ಬಿಡತಕ್ಕದ್ದು. ಹೊಸ ಕೇಬಲ್ಲನ್ನು ಅಳವಡಿಸುವಾಗ ಹಳೆಯದರಷ್ಟೇ ಉದ್ದವಿರುವುದನ್ನು ನೋಡಿ, ಮುರುಕುಗಳಿಲ್ಲದೆ ವಿಶಾಲವಾದ ಬಾಗಿನಿಂದ, ಸೈಲೆನ್ಸರಿಗೆ ತಾಗದಂತೆ ಹಾಯಿಸಬೇಕು.

ಹಿಡಿ ಗಡುಸಾದರೆ ಬಲಪ್ರಯೋಗವು ಸಲ್ಲದು. ಇಂಜಿನ್ನನ್ನು ನಿಲ್ಲಿಸಿ, ಕೇಬಲ್ಲಿನ ಕೆಳತುದಿಯನ್ನು ಕಳಚಿ, ಕ್ಲಚ್ಚಿನ ತೋಳನ್ನು ಕೈಯಿಂದ ಆಡಿಸಿ ನೋಡಬೇಕು. ಅದು ಸರಾಗವಾಗಿ ಆಡಿ ಹಿಂದಿರುಗಿದರೆ ದೋಷವು ಕೇಬಲ್ಲಿನದು. ಇಲ್ಲವಾದರೆ ಒಳಗಿನ ಕ್ಲಚ್ಚಿನದು. ಯಂತ್ರದ ದೋಣಿಗಳ ಸ್ಟಿಯರಿಂಗ್ ಕೇಬಲ್ಲು ಬಿಗಿಯಾದಾಗಲೂ ಇದೇ ಬಗೆಯ ಪರೀಕ್ಷೆ ನಡೆಯುವುದು. ಹೊರಗವಚವು ಬಿರಿದಿದ್ದರೆ ನೀರೂ ಕೆಸರೂ ಒಳಹೊಕ್ಕು ತುಕ್ಕು ಹಿಡಿಯುವುದು. ಒಂದೆಳೆ ಬಿಚ್ಚಿದ್ದರೂ ಅಂತಹ ಕೇಬಲ್ಲನ್ನು ಬದಲಿಸಿಯೇ ತೀರಬೇಕು.

ಇಳಿಜಾರಿನ ವಿಷಯವು ಇನ್ನೂ ಮುಖ್ಯವಾದುದು. ಇಳಿಯುವಾಗ ಭಾರವೇ ಯಂತ್ರವನ್ನು ದೂಡುವುದರಿಂದ ಬಿಡಿಸಿದ ಚಕ್ರವು ವೇಗವಾಗಿ ಉರುಳಿ, ಯಂತ್ರವು ಎದುರು ದಿಕ್ಕಿಗೆ ತಿರುಗುವುದು. ಇದನ್ನರಿಯದವನು ಎಡಹಿಡಿಯನ್ನು ಅದುಮಿ ಬಲಗಡೆಯ ಹಳ್ಳಕ್ಕೆ ಬೀಳುವ ಸಂಭವವುಂಟು. ಅಲ್ಲಿ ಹಿಡಿಗಳನ್ನು ಮುಟ್ಟದೆ, ಕೆಳಗೇರಿನಲ್ಲಿ ನಿಧಾನವಾಗಿ ಇಳಿಯುವುದೇ ಕ್ಷೇಮ.

ಸಹಾಯಧನದಿಂದ ಯಂತ್ರವನ್ನು ಮನೆಬಾಗಿಲಿಗೆ ತಂದುಕೊಟ್ಟ ಮಾತ್ರಕ್ಕೆ ಕರ್ತವ್ಯವು ಮುಗಿಯಲಾರದು. ಮಾರುವವರು ಕೇಬಲ್ಲನ್ನು ಸರಿಹೊಂದಿಸುವ ಕ್ರಮವನ್ನು ಕೊಳ್ಳುವವನ ಕೈಯಿಂದಲೇ ಮಾಡಿಸಿ ತೋರಿಸಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ಮುಂಗಾರಿಗೆ ಮುಂಚೆ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಬೇಕೆಂದು ನನ್ನ ಅಭಿಪ್ರಾಯ. ಎತ್ತಿನ ಮೂಗುದಾರವನ್ನು ನೋಡದೆ ನೊಗಕ್ಕೆ ಕಟ್ಟುವ ರೈತನಿಲ್ಲ. ಟಿಲ್ಲರಿನ ಮೂಗುದಾರವು ಈ ಕೇಬಲ್ಲೇ.