ಹೊಳಿ ದಾಟೋರು ಪ್ರವಾಸಿಗರಲ್ಲ

ಕೇರಳದ ಕಾಲುವೆಗಳಲ್ಲಿ ದೋಣಿಮನೆಗಳು ತೇಲುತ್ತವೆ. ಕಾಶ್ಮೀರದ ದಾಲ್ ಸರೋವರದಲ್ಲಿ ಶಿಕಾರಾಗಳು ತೇಲುತ್ತವೆ. ಭಾನುವಾರದ ಪುಟ ತುಂಬಿಸುವವರಿಗೆ ದೋಣಿ ಅಂದರೆ ಇಷ್ಟೇ: ತಂಗಾಳಿ, ಸಂಜೆಗೆಂಪು, ಜೋಡಿಗಳ ಫೋಟೋ. ಓದಿದೆವು. ಚೆಂದ ಅದ. ಈಗ ನಮ್ಮ ದೋಣಿಯ ಮಾತೂ ಒಂದೀಟು ಕೇಳ್ರಿ.

ನಾವು ಎಡೆದೊರೆ ನಾಡಿನವರು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ನಡುವೆ ದೇವದುರ್ಗ, ಮಾನ್ವಿ, ರಾಯಚೂರು. ಕೃಷ್ಣೆಯ ನಡುಗಡ್ಡೆ ಕುರ್ವಕಲಾದ ಜನಕ್ಕೆ ಎಷ್ಟೋ ತಲೆಮಾರು ತೆಪ್ಪವೇ ದಾರಿ. ಸಂತಿಗೆ ತೆಪ್ಪ, ಸಾಲಿಗೆ ತೆಪ್ಪ, ಹೆರಿಗಿ ನೋವಿಗೂ ತೆಪ್ಪ. 2020ರ ಆಗಸ್ಟ್‌ನಲ್ಲಿ, ಹೊಳಿ ತುಂಬಿ ಹರಿಯುವಾಗ, ತೆಲಂಗಾಣದ ದಡದಿಂದ ಊರಿಗೆ ವಾಪಸಾಗುತ್ತಿದ್ದವರ ತೆಪ್ಪ ಮಗುಚಿತು. ನಾಲ್ವರು ನೀರುಪಾಲಾದರು. ಅವರು ವಿಹಾರಕ್ಕೆ ಹೋದವರಲ್ಲ. ಮನೆಗೆ ಹೊರಟವರು.

ಐನೂರು ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದಿದ್ದ. ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡು ದೋಣಿ ಕಂಡು ಬೆರಗಾಗಿ ಬರೆದಿಟ್ಟ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಯುತ್ತದೆ, ಎತ್ತು ಕುದುರೆಗಳನ್ನೂ ದಾಟಿಸುತ್ತದೆ ಅಂದ. ಆ ಚರ್ಮ ಸುಲಿದವರು ಯಾರು, ಹದ ಮಾಡಿದವರು ಯಾರು ಅಂತ ಅವನು ಕೇಳಲಿಲ್ಲ. ನಮಗೆ ಗೊತ್ತು. ನಮ್ಮ ಕೇರಿಯ ಕೈಗಳು. ರಾಯರ ಕುದುರೆ ಮಾದಿಗರು ಹದ ಮಾಡಿದ ಚರ್ಮದ ಮೇಲೆ ನಿಂತು ಹೊಳಿ ದಾಟಿತು. ಮೈಲಿಗೆ ಆಗಲಿಲ್ಲ! ಈಗ ಚರ್ಮ ಹೋಗಿ ಪ್ಲಾಸ್ಟಿಕ್ಕು, ಡಾಂಬರು ಬಂದಿವೆ. ಬುಟ್ಟಿ ಅದೇ ಬುಟ್ಟಿ.

ದಿಲ್ಲಿಯವರ ತಮಾಷೆ ಇನ್ನೂ ದೊಡ್ಡದು. 2016ರಲ್ಲಿ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಬಂತು. ಒಟ್ಟು 111 ಜಲಮಾರ್ಗಗಳ ಪಟ್ಟಿ. ಅದರಲ್ಲಿ 4ನೇ ಜಲಮಾರ್ಗಕ್ಕೆ ವಜೀರಾಬಾದಿನಿಂದ ಗಲಗಲಿವರೆಗಿನ 628 ಕಿಲೋಮೀಟರ್ ಕೃಷ್ಣೆಯನ್ನೂ ಸೇರಿಸಿದರು. ತುಂಗಭದ್ರೆಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಂದರೆ 2020ರಲ್ಲಿ ಆ ತೆಪ್ಪ ಮಗುಚಿದ್ದು ಯಾವುದೋ ಹಳ್ಳದಲ್ಲಲ್ಲ ಗೆಳೆಯರೇ, ರಾಷ್ಟ್ರೀಯ ಜಲಮಾರ್ಗದಲ್ಲಿ! ಕಾಗದದ ಮೇಲೆ ಹಡಗು, ನೀರಿನ ಮೇಲೆ ಬುಟ್ಟಿ. ಇದಕ್ಕೆ ಅಭಿವೃದ್ಧಿ ಅಂತಾರ.

ಸರಕಿನ ಮಾತು ಬಂದರೆ ಉಳ್ಳವರಿಗೆ ದಾರಿ ತಾನೇ ತೆರೆಯುತ್ತದೆ. ತುಂಗಭದ್ರೆಯ ಸುಂಕೇಸುಲದಿಂದ ಹೊರಡುವ ಕರ್ನೂಲು-ಕಡಪ ಕಾಲುವೆಯನ್ನು 1860ರ ದಶಕದಲ್ಲೇ ಬ್ರಿಟಿಷ್ ಕಂಪನಿ ನೀರಾವರಿಯ ಜೊತೆಗೆ ದೋಣಿ ಸಾಗಾಟಕ್ಕೂ ತೋಡಿಸಿತು. ಸರಕು ಸಾಗಬೇಕಾದಾಗ ಕಾಲುವೆಯೂ ದಾರಿ ಆಗುತ್ತದೆ. ಜನ ಸಾಗಬೇಕಾದಾಗ ಹೊಳಿಯೇ ಗೋಡೆ ಆಗುತ್ತದೆ. ನಮ್ಮ ಮಾನ್ವಿ ಕಡೆಗೆ ಬರುವ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಂತೂ ದೋಣಿಯ ಮಾತಿರಲಿ, ನೀರು ಬಿಡಿಸಿಕೊಳ್ಳಲಿಕ್ಕೇ ವರ್ಷ ವರ್ಷ ರಸ್ತೆಗೆ ಇಳಿಯಬೇಕಾಯಿತು.

2019ರ ಆಗಸ್ಟ್‌ನ ಪ್ರವಾಹದಲ್ಲಿ ದೇವದುರ್ಗ ತಾಲೂಕಿನ ಹಿರೇರಾಯಕುಂಪಿ ಬಳಿ ಸೇತುವೆ ಮುಳುಗಿತು. ಆಂಬುಲೆನ್ಸಿಗೆ ದಾರಿ ಕಾಣಲಿಲ್ಲ. ಹನ್ನೆರಡು ವರ್ಷದ ಹುಡುಗ ನೀರಿಗಿಳಿದು ಮುಂದೆ ಮುಂದೆ ಓಡಿ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ಬಂತು. ಆ ಕೂಸಿನ ಧೈರ್ಯಕ್ಕೆ ನಮ್ಮ ಶರಣು. ಆದರೆ ಸೇತುವೆ ಮಾಡಬೇಕಾದ ಕೆಲಸವನ್ನು ಸಾಲಿ ಹುಡುಗನ ಕಾಲು ಮಾಡಿದಾಗ ಸರಕಾರ ನಾಚಬೇಕಿತ್ತು, ಚಪ್ಪಾಳೆ ತಟ್ಟಿತು.

ರೊಕ್ಕ ಇಲ್ಲ ಅಂತಾರ. ರೊಕ್ಕ ಇಲ್ಲದೇ ರೈಲು ಹೊಳಿ ದಾಟಿತೇನು? ಇದೇ ಕೃಷ್ಣೆಯ ನೀರು ಕುಡಿದು 1985ರಿಂದ ಶಕ್ತಿನಗರದ ಸ್ಥಾವರ ಇಡೀ ನಾಡಿಗೆ ಕರೆಂಟು ಕೊಟ್ಟಿತು. ರೈಲು ದಾಟಿತು, ಕರೆಂಟು ದಾಟಿತು. ಬಸುರಿ ಹೆಂಗಸು ದಡದಲ್ಲೇ ಕುಂತಳು. 2002ರಲ್ಲಿ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕು ಅಂತ ಬರೆಯಿತು. ಹಿಂದುಳಿಯಲಿಲ್ಲ ಸ್ವಾಮಿ, ಹಿಂದೆ ಬಿಟ್ಟು ಹೋದಿರಿ.

ಕೆರೆ, ಹೊಳಿಗಳಲ್ಲಿ ದೋಣಿ ವಿಹಾರ ತಂದರೆ ಅಂಬಿಗರಿಗೆ ಕೂಲಿ ಸಿಗತೈತಿ ಅನ್ನುವವರೂ ಇದ್ದಾರೆ. ಸಿಗಲಿ, ಯಾರು ಬ್ಯಾಡ ಅಂದ್ರು? ಆದರೆ ಪ್ರವಾಸಿಯ ಎದೆಗೆ ಕಟ್ಟುವ ತೇಲುವ ಜಾಕೀಟು ಮೊದಲು ಸಾಲಿಗೆ ಹೋಗೋ ಕೂಸಿನ ಎದೆಗೆ ಬರಲಿ. ನಮ್ಮ ಮಂದಿ ಕೆರೆಯ ಜೊತೆ ಪಟ್ಟ ಪಾಡೇ ಬೇರೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ ಕೆರೆಗೆ ಇಳಿದದ್ದು ವಿಹಾರಕ್ಕಲ್ಲ. ಬೊಗಸೆ ನೀರು ಎತ್ತಿ ನಾವೂ ಮನುಷ್ಯರು ಅಂತ ಸಾರಲಿಕ್ಕೆ. ನೀರು ಮುಟ್ಟುವುದು ಹಕ್ಕಾದರೆ ನೀರು ದಾಟುವುದೂ ಹಕ್ಕು. ಭಿಕ್ಷೆಯಲ್ಲ, ಪುಢಾರಿಯ ಕೃಪೆಯೂ ಅಲ್ಲ.

ಹೊಳಿ ದಂಡೆಯ ಮಾಸ್ತರರೇ, ನೀರು ಏರಿದ ದಿನ ಮಕ್ಕಳು ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಬರೀ ಗೈರು ಅಂತ ಬರೆಯಬೇಡಿ. ಪಕ್ಕದಲ್ಲಿ 'ಹೊಳಿ ದಾಟಲಾಗಲಿಲ್ಲ' ಅಂತ ಬರೆಯಿರಿ. ವಿದ್ಯಾರ್ಥಿ ಗೆಳೆಯರೇ, ಆ ದಿನಗಳನ್ನು ಊರೂರಿಗೆ ಹೋಗಿ ಎಣಿಸಿರಿ. ಸೇತುವೆಗೆ ಎಷ್ಟು ರೊಕ್ಕ ಮಂಜೂರಾಯಿತು, ಎಲ್ಲಿ ನಿಂತಿತು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿರಿ. ಆ ಲೆಕ್ಕ ತಗೊಂಡು ಗ್ರಾಮಸಭೆಗೆ ಹೋಗೋಣ. ಅಲ್ಲಿ ಕೇಳದಿದ್ದರೆ ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಯ ಮುಂದೆ ತೆಪ್ಪ ಹೊತ್ತು ತಂದು ಇಡೋಣ. ಸಾಹೇಬರು ಒಮ್ಮೆ ಅದರಲ್ಲಿ ಕುಂತು ನೋಡಲಿ.