ತಿರುವಿನ ಹದ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲಗಳಲ್ಲಿ ಕಡಲೆಕಾಯಿಯ ರಾಶಿಗಳು. ಅವುಗಳಾಚೆ ಮಕ್ಕಳ ಕಣ್ಣನ್ನು ಸೆಳೆಯುವ ರಂಕಲರಾಟೆ. ತೊಟ್ಟಿಲು ಮೇಲಿನಿಂದ ಕೆಳಗಿಳಿಯುವಾಗ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಮಗು ಚೀರುತ್ತದೆ, ಇಳಿದ ಮರುಕ್ಷಣವೇ ‘ಇನ್ನೊಂದು ಸುತ್ತು’ ಎಂದು ಹಟ ಹಿಡಿಯುತ್ತದೆ. ಅಪಾಯವಿಲ್ಲದ ಭಯವೆಂದರೆ ಮನುಷ್ಯನಿಗೆ ಎಂದಿನಿಂದಲೂ ಪ್ರೀತಿ.

ಈ ಪ್ರೀತಿಯೇ ಬೆಳೆದು ರೋಲರ್ ಕೋಸ್ಟರ್ ಎಂಬ ಉಕ್ಕಿನ ಹಳಿಯ ಆಟವಾಗಿದೆ. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನಕ್ಕೆ ಹೋಗಿಬಂದವರು ಇದನ್ನು ಬಲ್ಲರು. ಬಂಡಿಯನ್ನು ಎತ್ತರಕ್ಕೆ ಏರಿಸಿ ಬಿಟ್ಟರೆ ಸಾಕು. ಮುಂದಿನ ಕೆಲಸವನ್ನು ಭೂಮಿಯ ಆಕರ್ಷಣೆಯೇ ಮಾಡುತ್ತದೆ. ಇಪ್ಪತ್ತು ಮೀಟರ್ ಎತ್ತರದಿಂದ ಇಳಿದ ಬಂಡಿ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗವನ್ನು ಪಡೆಯುತ್ತದೆ. ವೇಗವನ್ನು ಕೊಡುವುದು ಸುಲಭ. ಆ ವೇಗದಲ್ಲಿ ತಿರುಗುವಾಗ ಒಳಗೆ ಕುಳಿತವನ ಕತ್ತು ಉಳುಕದಂತೆ ನೋಡಿಕೊಳ್ಳುವುದೇ ಕಷ್ಟ.

ಈ ಕಷ್ಟವನ್ನು ನನಗೆ ತಿಳಿಸಿಕೊಟ್ಟವನು ನಮ್ಮ ಪಕ್ಕದ ಮನೆಯ ಹುಡುಗ. ಅವನು ಕಂಪ್ಯೂಟರಿನ ಮುಂದೆ ಕುಳಿತು ಇಲ್ಲದ ಬೆಟ್ಟಗಳ ಮೇಲೆ ಇಲ್ಲದ ಹಳಿಗಳನ್ನು ಹಾಸುತ್ತಿದ್ದ. “ಮೇಷ್ಟ್ರೇ, ನೀವಾದರೂ ಇವನಿಗೆ ಬುದ್ಧಿ ಹೇಳಿ, ಆಟದಲ್ಲೇ ಹೊತ್ತು ಕಳೆಯುತ್ತಿದ್ದಾನೆ” ಎಂದು ಅವನ ತಂದೆ ನನ್ನನ್ನು ಕರೆದೊಯ್ದರು. ಬುದ್ಧಿ ಹೇಳಲು ಹೋದ ನಾನು ಪಾಠ ಕೇಳಿ ಬಂದೆ.

ಹುಡುಗನು ಬಳಸುತ್ತಿದ್ದುದು 2001ರಲ್ಲಿ ಮೊದಲು ಹೊರಬಂದ ‘ನೋಲಿಮಿಟ್ಸ್’ ಎಂಬ ತಂತ್ರಾಂಶದ ಈಚಿನ ರೂಪ. ಹಳಿಯನ್ನು ರಚಿಸಿದ ಮೇಲೆ ಅದರ ಮೇಲೆ ಬಂಡಿಯನ್ನು ಓಡಿಸಿ, ಸವಾರನ ದೇಹದ ಮೇಲೆ ಎಲ್ಲೆಲ್ಲಿ ಎಷ್ಟೆಷ್ಟು ಬಲ ಬೀಳುವುದೆಂಬುದನ್ನು ಅದರಲ್ಲಿ ಅಳೆದು ನೋಡಬಹುದು. ಅವನ ಮೊದಲ ರಚನೆ ನುರಿತ ಕೈ ಎಳೆದ ರಂಗೋಲಿಯಂತೆ ಸೊಗಸಾಗಿತ್ತು. ಆದರೆ ಬಲವನ್ನು ತೋರಿಸುವ ಗೆರೆಯು ಮುಳ್ಳುಬೇಲಿಯಂತೆ ಎದ್ದುಬಿದ್ದಿತ್ತು. “ಕಣ್ಣಿಗೆ ಚೆನ್ನಾಗಿದೆ ಮೇಷ್ಟ್ರೇ, ಕುಳಿತವನ ಕತ್ತಿಗೆ ಚೆನ್ನಾಗಿಲ್ಲ” ಎಂದು ಹುಡುಗ ನಕ್ಕ.

ಹೀಗೇಕಾಗುತ್ತದೆ? ನೇರವಾದ ಹಳಿಗೆ ವೃತ್ತದ ತುಂಡೊಂದನ್ನು ಜೋಡಿಸಿದರೆ ಕೂಡಿದ ಜಾಗದಲ್ಲಿ ಕಣ್ಣಿಗೆ ಯಾವ ಕೊಂಕೂ ಕಾಣದು. ಆದರೆ ಬಂಡಿಯು ಆ ಜಾಗವನ್ನು ದಾಟಿದ ಕ್ಷಣದಲ್ಲಿಯೇ ತಿರುವಿನ ಬಲವೆಲ್ಲವೂ ಒಮ್ಮೆಲೇ ಮೈಮೇಲೆ ಬೀಳುತ್ತದೆ. ದೇಹವನ್ನು ನೋಯಿಸುವುದು ಬಲವೊಂದೇ ಅಲ್ಲ. ಬಲವು ಬದಲಾಗುವ ಆತುರವೂ ನೋಯಿಸುತ್ತದೆ. ಆದುದರಿಂದ ತಿರುವು ಸೊನ್ನೆಯಿಂದ ಮೊದಲಾಗಿ ಸ್ವಲ್ಪಸ್ವಲ್ಪವಾಗಿ ಬಿಗಿಯಾಗಬೇಕು. ಬಿಡುವಾಗಲೂ ಸ್ವಲ್ಪಸ್ವಲ್ಪವಾಗಿ ಸಡಿಲವಾಗಬೇಕು.

ಈ ಅರಿವು ಅಗ್ಗವಾಗಿ ದೊರೆತುದಲ್ಲ. ಅಮೆರಿಕದ ಕೋನಿ ಐಲೆಂಡಿನಲ್ಲಿ 1895ರಲ್ಲಿ ಬಂಡಿಯನ್ನು ತಲೆಕೆಳಗು ಮಾಡಿ ಸುತ್ತಿಸುವ ಹಳಿಯೊಂದನ್ನು ಕಟ್ಟಿದರು. ಅದರ ಸುತ್ತು ಪೂರ್ಣ ವೃತ್ತಾಕಾರದ್ದಾಗಿತ್ತು. ಸರಿಯಾದ ವೃತ್ತದಲ್ಲಿ ಬಂಡಿಯು ತುದಿಯಲ್ಲಿ ಹಳಿಯನ್ನು ಬಿಡದೆ ಸುತ್ತಬೇಕಾದರೆ, ತಳದಲ್ಲಿ ಸವಾರನು ತನ್ನ ತೂಕದ ಆರರಷ್ಟು ಭಾರವನ್ನಾದರೂ ಹೊರಬೇಕಾಗುತ್ತದೆ, ಅದೂ ಒಮ್ಮೆಲೇ. ಜನರ ಕತ್ತುಗಳು ನೊಂದವು. ಆ ಆಟ ಬಹುಕಾಲ ಬಾಳಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯದ ಉದ್ಯಾನವೊಂದಕ್ಕಾಗಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ರೂಪಿಸಿದ ಸುತ್ತು ನೀರಿನ ಹನಿಯ ಆಕಾರದಲ್ಲಿತ್ತು: ತಳದಲ್ಲಿ ಅಗಲವಾದ ತಿರುವು, ಮೇಲೇರಿದಂತೆ ಕಿರಿದಾಗುವ ತಿರುವು. ವೇಗ ಹೆಚ್ಚಿರುವಲ್ಲಿ ಹಳಿ ಮೆಲ್ಲಗೆ ಬಾಗುತ್ತದೆ; ವೇಗ ಕುಗ್ಗಿದಲ್ಲಿ ಬಿಗಿಯಾಗಿ ಬಾಗುತ್ತದೆ. ನೋಟಕ್ಕೆ ವೃತ್ತವೇ ಪರಿಪೂರ್ಣ. ಆದರೆ ಮನುಷ್ಯನ ಮೈಗೆ ಒಗ್ಗಿದ್ದು ಈ ಹನಿ.

ನಮ್ಮ ಹುಡುಗನು ಇದೇ ಪಾಠವನ್ನು ತಪ್ಪುಗಳ ಮೂಲಕ ಕಲಿಯುತ್ತಿದ್ದ. ಹಳಿಯ ದಾರಿಯನ್ನು ಗುರುತಿಸುವ ಬಿಂದುಗಳನ್ನು ಒತ್ತೊತ್ತಾಗಿ ಇಟ್ಟಷ್ಟೂ ನುಣುಪು ಹೆಚ್ಚುವುದೆಂದು ಅವನು ಮೊದಲು ಎಣಿಸಿದ್ದನಂತೆ, ಹೆಚ್ಚಿದ್ದು ಕುಲುಕಾಟ. ಬಂಡಿಯನ್ನು ಓರೆಗೊಳಿಸುವಾಗ ಹಳಿಯನ್ನೇ ನಡುವಾಗಿ ಇಟ್ಟುಕೊಂಡರೆ ಸವಾರನ ತಲೆಯು ಪಕ್ಕಕ್ಕೆ ಎಸೆದಂತಾಗುತ್ತದೆ. ಎದೆಯನ್ನು ನಡುವಾಗಿ ಇಟ್ಟುಕೊಂಡು ಹಳಿಯನ್ನು ಅದರ ಸುತ್ತ ಸುಳಿಸಬೇಕು. ಒಂದೆಡೆ ತಿದ್ದಿದರೆ ವೇಗ ಬದಲಾಗಿ, ಮುಂದಿನದೆಲ್ಲವನ್ನೂ ಮತ್ತೆ ತಿದ್ದಬೇಕು. ಒಂದು ತಿರುವಿಗಾಗಿ ಅವನು ಒಂದು ವಾರ ಕಳೆದಿದ್ದ. ಇದನ್ನು ಸೋಮಾರಿತನವೆನ್ನಲು ನನಗೆ ನಾಲಗೆ ಬರಲಿಲ್ಲ.

ಇಷ್ಟಾದರೂ ಇದು ಆಟವೇ ತಾನೆ ಎಂದು ಹಿರಿಯರು ಕೇಳಬಹುದು. ಆಟವೇ ಸರಿ, ಆದರೆ ಸ್ಲೇಟೂ ಒಂದು ಕಾಲಕ್ಕೆ ಮಕ್ಕಳ ಕೈಯ ಆಟದ ಹಲಗೆಯಾಗಿತ್ತು. ತಪ್ಪು ಬರೆದು ಒರೆಸಲು ಬರುತ್ತದೆ ಎಂಬುದೇ ಅದರ ದೊಡ್ಡ ಗುಣ. ಉಕ್ಕಿನಲ್ಲಿ ಮಾಡಿದ ತಪ್ಪು ಮೈಯನ್ನು ಮುರಿಯುತ್ತದೆ. ತೆರೆಯ ಮೇಲೆ ಮಾಡಿದ ತಪ್ಪು ಮಾಡಿದವನ ಗರ್ವವನ್ನು ಮಾತ್ರ ಮುರಿಯುತ್ತದೆ.

ಆದರೆ ತೆರೆಗೆ ಮೈಯಿಲ್ಲ ಎಂಬುದನ್ನೂ ಮರೆಯಲಾಗದು. ಅಂಕಿಗಳು ನೋಯುವುದಿಲ್ಲ. ಅದಕ್ಕಾಗಿ ನಾನು ಹುಡುಗನನ್ನು ಒಂದು ಸಂಜೆ ಹೊರಗೆ ಕರೆದುಕೊಂಡು ಹೋದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೆವು. ಅಲ್ಲಿ ಕಂಬಗಳ ಮೇಲಿರುವ ದಾರಿ ಮೆಜೆಸ್ಟಿಕ್ಕಿನ ಹೊತ್ತಿಗೆ ನೆಲದಡಿಗೆ ಇಳಿದು, ಚಿಕ್ಕಪೇಟೆ, ಮಾರುಕಟ್ಟೆಗಳ ಕೆಳಗೆ ಸಾಗಿ, ನ್ಯಾಷನಲ್ ಕಾಲೇಜಿನ ಹೊತ್ತಿಗೆ ಮತ್ತೆ ಮೇಲೇರುತ್ತದೆ. 2017ರಿಂದ ಈ ಇಳಿತ ಏರುಗಳನ್ನು ದಾಟುತ್ತಿರುವ ಜನರಲ್ಲಿ ಎಷ್ಟು ಮಂದಿ ಅವುಗಳನ್ನು ಗಮನಿಸಿದ್ದಾರೆ? ನಿಂತ ಅಜ್ಜಿಯೊಬ್ಬಳ ಕೈಚೀಲದ ಹೂವು ಕೂಡ ಅಲುಗಲಿಲ್ಲ. ಹದವಾದ ತಿರುವಿನ ಲಕ್ಷಣವೇ ಇದು. ಅದನ್ನು ಮಾಡಿದವನ ನೆನಪೂ ಯಾರಿಗೂ ಬರುವುದಿಲ್ಲ.

ಮರಳಿ ಮನೆಗೆ ಆಟೋರಿಕ್ಷಾದಲ್ಲಿ ಬಂದೆವು. ದಾರಿಯ ಉಬ್ಬೊಂದನ್ನು ದಾಟುವಾಗ ಇಬ್ಬರೂ ಮೇಲಕ್ಕೆ ಚಿಮ್ಮಿ ಬಿದ್ದೆವು. ಹಿಂದಿನ ವರ್ಷ ಇಂಥದೇ ಉಬ್ಬಿನ ಮೇಲೆ ನನ್ನ ಹೆಂಡತಿಯ ಬೆನ್ನು ಉಳುಕಿ, ಆಕೆ ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ರಸ್ತೆಯುಬ್ಬಿಗೂ ನಮ್ಮ ದೇಶದಲ್ಲಿ ಅಳತೆಯುಂಟು. ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರವಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿಯೇ ಹೇಳಿದೆ. ನಾವು ದಾಟಿದ್ದು ಡಾಂಬರಿನ ಗೋಡೆಯಂತಿತ್ತು. ಅದನ್ನು ಹಾಕಿದವನು ವಾಹನವನ್ನು ನೆನೆದಿದ್ದನೇ ಹೊರತು ಒಳಗೆ ಕುಳಿತವರನ್ನು ನೆನೆದಿರಲಿಲ್ಲ.

ನುಣುಪೆಂಬುದು ವಸ್ತುವಿನ ಅಲಂಕಾರವಲ್ಲ. ಕಾಣದ ಇನ್ನೊಬ್ಬರ ಮೈಯ ಮೇಲಿನ ಮರುಕ. ಅದನ್ನು ಒಬ್ಬ ಹುಡುಗ ಆಟದ ಹಳಿಯಲ್ಲಿ ಕಲಿತರೂ ಕಲಿತದ್ದು ವ್ಯರ್ಥವಲ್ಲ. ನಾಳೆ ಅವನು ರಸ್ತೆ ಹಾಕಬಹುದು, ಸೇತುವೆ ಕಟ್ಟಬಹುದು. ಮನೆಗೆ ಬಂದ ಮೇಲೆ ಅವನ ತಂದೆಗೆ ನಾನು ಇಷ್ಟನ್ನೇ ಹೇಳಿದೆ: “ಅವನನ್ನು ಬಿಡಿಸಬೇಡಿ. ಆಗಾಗ ಹೊರಗೆ ಕರೆದೊಯ್ದು ಕುಲುಕಿಸಿಕೊಂಡು ಬನ್ನಿ, ಸಾಕು.”